ಬೀಳಗಿಯ ಹೊಸ್ತಿಲಲ್ಲಿ ಬಿದ್ದ ಮಾತು

ದಸರೆಯ ಬನ್ನಿ ಹಂಚಿ ಮೂರು ದಿನವಾಗಿತ್ತು. ಬೆಳಿಗ್ಗೆ ಜಮಖಂಡಿಯ ಬಸ್ ನಿಲ್ದಾಣದಲ್ಲಿ ನಾನು ಮತ್ತು ನನ್ನ ಅವ್ವ ಮುಧೋಳದ ಬಸ್ಸಿಗೆ ಕಾಯುತ್ತಿದ್ದೆವು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹೊಸತು. ಬಂದ ಬಸ್ಸಿನ ಮೈಮೇಲೆ ಹೊಸ ಬಣ್ಣದಡಿಯಲ್ಲಿ ಹಳೆಯ ‘ಮೈಸೂರು’ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅವ್ವನ ಬಗಲಲ್ಲಿ ಖಾಲಿ ಕೈಚೀಲ. ನನ್ನ ಹೊಟ್ಟೆಯಲ್ಲಿ ಏಳು ತಿಂಗಳ ಕೂಸು.

ಹೋಗಬೇಕಾದದ್ದು ಬನಹಟ್ಟಿಗೆ. ಅದು ನನ್ನ ತವರು, ಬಾಣಂತನ ಅಲ್ಲೇ. ಜಮಖಂಡಿಯಿಂದ ನೇರ ಬಸ್ಸು ಹಿಡಿದರೆ ಒಂದು ತಾಸಿನ ದಾರಿ. ನಾವು ಮುಧೋಳಕ್ಕೆ ಹೋಗಿ, ಬೀಳಗಿಗೆ ಹೋಗಿ, ತಿರುಗಿ ಜಮಖಂಡಿಗೆ ಬಂದು, ಆಮೇಲೆ ರಬಕವಿಯ ಮೇಲೆ ಬನಹಟ್ಟಿ ಮುಟ್ಟುವವರಿದ್ದೆವು. ಇಷ್ಟು ಸುತ್ತು ಬಳಸಿದ್ದು ಹಳೆ ಸೀರೆ ಬೇಡಲಿಕ್ಕೆ.

ನನ್ನ ಮೊದಲ ಕೂಸು ಹಿಂದಿನ ವರ್ಷ ಅಳದೆ ಹುಟ್ಟಿತ್ತು. ಹಾಗಾದ ಮನೆಯಲ್ಲಿ ಮುಂದಿನ ಕೂಸಿಗೆ ಸ್ವಂತದ ಅರಿವೆ ಹಾಸುವುದಿಲ್ಲ. ಮೂರು ಊರಿನಲ್ಲಿ ಬೇಡಿ ತಂದ ಹಳೆ ಸೀರೆಗಳ ಕೌದಿಯನ್ನೇ ಹಾಸಬೇಕು. ಕೊಡುವ ತಾಯಿಯ ಮಕ್ಕಳೆಲ್ಲ ಬದುಕಿರಬೇಕು, ಅವಳು ರಕ್ತಸಂಬಂಧಿ ಆಗಿರಬಾರದು. ಬಸುರಿಯೇ ಸೆರಗೊಡ್ಡಿ ಬೇಡಬೇಕು. ಸೆರಗಿಗೆ ಬಿದ್ದ ಮೇಲೆ ‘ಬರ್ತೀನಿ’ ಅನ್ನದೆ, ಹಿಂದೆ ನೋಡದೆ ಇಳಿದು ಬರಬೇಕು. ಬರ್ತೀನಿ ಅಂದರೆ ಇನ್ನೊಮ್ಮೆ ಇದೇ ಕೆಲಸಕ್ಕೆ ಬರುತ್ತೇನೆ ಎಂದು ಬಾಯಾರೆ ಹೇಳಿದಂತೆ.

ನಮ್ಮ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗಳು ನಾನು. ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿದವಳು. ಜಮಖಂಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಯಾರ ಮುಂದೂ ಕೈ ಒಡ್ಡಿದವಳಲ್ಲ. ಇದನ್ನೆಲ್ಲ ನಾನು ನಂಬುವುದಿಲ್ಲ ಎಂದು ಅವ್ವನಿಗೆ ನೇರವಾಗಿಯೇ ಹೇಳಿದ್ದೆ.

“ನೀ ನಂಬಬ್ಯಾಡ” ಅಂದಳು ಅವ್ವ. “ಬೇಡು, ಸಾಕು.”

ಮುಧೋಳದ ದಾರಿಯಲ್ಲಿ ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು, ಎಲೆಗಳ ಮೇಲೆ ಇನ್ನೂ ಇಬ್ಬನಿ. ಕಂಡಕ್ಟರ್ ನನ್ನ ಹೊಟ್ಟೆ ನೋಡಿ ಮುಂದಿನ ಸೀಟಿನವನನ್ನು ಎಬ್ಬಿಸಿ ಕೂರಿಸಿದ. ಬಸ್ಸು ಕುಣಿಗೆ ಬಿದ್ದಾಗಲೆಲ್ಲ ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿಯುತ್ತಿದ್ದೆ. ಒಳಗೆ ಕೂಸು ಒದ್ದರೆ ಜೀವ ಬರುತ್ತಿತ್ತು. ಮುಧೋಳದಲ್ಲಿ ಇಳಿದು ಅಂಗಡಿಯೊಂದರ ಬಾಕಿನ ಮೇಲೆ ಕೂತು ಮಂಡಕ್ಕಿಯ ಸೂಸಲಾ ಮತ್ತು ಬಿಸಿ ಮಿರ್ಚಿ ಭಜಿ ತಿಂದೆವು. ಖಾರಕ್ಕೆ ಕೂಸು ಎರಡು ಸಲ ಹೊರಳಿತು. ಅವ್ವ ನಕ್ಕು, ಇದು ಹೆಣ್ಣೇ, ಖಾರ ಬೇಡ್ತೈತಿ ಅಂದಳು.

ಮೊದಲ ಮನೆ ಕಚೇರಿಯಿಂದ ನಿವೃತ್ತರಾದ ಒಬ್ಬ ಹೆಡ್ ಕ್ಲಾರ್ಕರದು. ಅವರ ಹೆಂಡತಿಗೆ ಆರು ಮಕ್ಕಳು, ಆರೂ ನೆಟ್ಟಗೆ. ಒಳಗೆ ಸೊಸೆಯರ ಕೂಡ ಮರಾಠಿ, ಹೊರಗೆ ನಮ್ಮ ಕೂಡ ಕನ್ನಡ. ಸೆರಗು ಹಿಡಿದು ನಿಂತ ನನ್ನನ್ನು ಆ ಅಜ್ಜಿ ಕನ್ನಡಕ ಏರಿಸಿ ನೋಡಿದರು.

“ನೀವು ಜಮಖಂಡಿ ಸಾಲಿ ಅಕ್ಕೋರಲ್ಲೇನ್ರೀ?” ಅಂದರು. “ನಮ್ಮ ಮೊಮ್ಮಗಳಿಗೆ ಬೆಂಚ್ ಮ್ಯಾಲ ನಿಂದ್ರಸ್ತೀರಂತ. ಇವತ್ತ ನೀವು ನಿಂತೀರಿ ನೋಡ್ರಿ.”

ಕಿವಿ ಬಿಸಿಯಾದವು. ಹಳೇದೊಂದು ಅರಿವೆ ಇದ್ದರೆ ಕೊಡ್ರಿ ಎಂದು ಹೇಗೋ ಅಂದೆ. ಅವರು ಒಳಗೆ ಹೋಗಿ ಹಸಿರು ನೂಲಿನ ಒಂಬತ್ತು ಗಜದ ಸೀರೆ ತಂದರು. ದೇವರ ಮುಂದೆ ಕೂತು ಕೂತು ಮಂಡಿಯಲ್ಲಿ ಹರಿದಿತ್ತು. ಸೆರಗಿಗೆ ಹಾಕುವಾಗ ಅವರ ಮುಖದಲ್ಲಿ ಆ ಕುಚೋದ್ಯ ಇರಲಿಲ್ಲ. ನೀರು ಕುಡಿದ ಮನೆಯಿಂದ ಮಾತಿಲ್ಲದೆ ಇಳಿದು ಬರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಚಪ್ಪಲಿ ಮೆಟ್ಟುವಾಗ ನಾಲಿಗೆಯನ್ನು ಹಲ್ಲಿನಲ್ಲಿ ಹಿಡಿದಿದ್ದೆ.

ಆ ರಾತ್ರಿ ಮುಧೋಳದಲ್ಲೇ ಪರಿಚಯದವರ ಮನೆಯಲ್ಲಿ ಉಳಿದೆವು. ಮರುದಿನ ಲೋಕಾಪುರದ ಕಡೆಯಿಂದ ಬರಬೇಕಾದ ಬಸ್ಸು ತಡವಾಗಿ ಬಂತು. ಕಬ್ಬು ಮುಗಿದು ಕರಿ ಹೊಲಗಳು ಸುರುವಾದವು. ಹಿಂಗಾರಿ ಜೋಳ ಆಗತಾನೆ ಮೊಳೆತು ನೆಲದ ಮೇಲೆ ಹಸಿರು ಗೀರು ಎಳೆದಂತಿತ್ತು. ರಸ್ತೆ ಕೆಟ್ಟಿತ್ತು. ಒಮ್ಮೆ ಬಸ್ಸು ನಮ್ಮನ್ನು ಸೀಟಿನಿಂದ ಎತ್ತಿ ಒಗೆಯಿತು. ಅವ್ವ ತಾನು ಹೊದ್ದ ಚಾದರವನ್ನು ಮಡಿಚಿ ನನ್ನ ಕೆಳಗೆ ತುರುಕಿದಳು.

ಬೀಳಗಿಯಲ್ಲಿ ಗುರಬಸವ್ವ ಎಂಬವಳ ಮನೆ. ಗಂಡ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದ. ಐದು ಗಂಡುಮಕ್ಕಳು. ಅವಳು ಅಂಗಳದಲ್ಲಿ ಹಸಿ ಶೇಂಗಾ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿ, ಹೊಟ್ಟೆ ನೋಡಿ, ಏನೂ ಕೇಳದೆ ಎದ್ದಳು. ಮೊದಲು ಕುದಿಸಿದ ಶೇಂಗಾ ಒಂದು ಪರಾತ ಮುಂದಿಟ್ಟಳು, ಬೆಲ್ಲದ ಚಹಾ ಕೊಟ್ಟಳು. ಮಾಡಿನ ನೆರಳು ತಂಪಾಗಿತ್ತು. ಎರಡು ದಿನದಲ್ಲಿ ನಾನು ನಿರಾಳ ಕೂತದ್ದು ಅಲ್ಲೇ. ಸಾಲೆಯ ಸುದ್ದಿ ಹೇಳಿದೆ, ಅವಳ ನಡುವಿನ ಮಗನಿಗೆ ಲೆಕ್ಕ ಬರುವುದಿಲ್ಲ ಎಂದಾಗ ಹೇಗೆ ಕಲಿಸಬೇಕೆಂದು ಹೇಳಿದೆ. ಆಮೇಲೆ ಎದ್ದು ಸೆರಗೊಡ್ಡಿದೆ. ಅವಳು ಕೆಂಪಂಚಿನ ಇಳಕಲ್ ಸೀರೆ ಹಾಕಿದಳು, ತೊಳೆದು ತೊಳೆದು ಮೆತ್ತಗಾದದ್ದು. ಐವರೂ ಇದರಾಗ ಮಲಗ್ಯಾರ್ರಿ ಅಂದಳು.

ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ನಾನು ತಿರುಗಿ ನೋಡಿ ಅಂದೆ: “ಬರ್ತೀನ್ರಿ.”

ಬಾಯಿಂದ ಬಿದ್ದಾದ ಮೇಲೆ ಕೇಳಿಸಿತು. ಅವ್ವನ ಕೈ ನನ್ನ ಮೊಣಕೈಯನ್ನು ಉಗುರು ನೆಡುವಂತೆ ಹಿಡಿಯಿತು. ಯಾರಾದರೂ ಬರ್ತೀನಿ ಅಂದರೆ ‘ಬರ್ರಿ’ ಅನ್ನುವುದು ನಮ್ಮ ಕಡೆಯ ರೂಢಿ. ಗುರಬಸವ್ವ ಅನ್ನಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು.

ಜಮಖಂಡಿಯ ಬಸ್ಸಿನಲ್ಲಿ ಅವ್ವ ಚೀಲವನ್ನು ತೊಡೆಯ ಮೇಲೆ ಅವಚಿಕೊಂಡು, ಮುಖ ಆಚೆ ತಿರುಗಿಸಿ ಕೂತಳು. ಬೈದಿದ್ದರೆ ಚಲೋ ಆಗುತ್ತಿತ್ತು. ನಾನು ನನಗೇ ಪಾಠ ಹೇಳಿಕೊಂಡೆ: ಮಾತು ಗಾಳಿ, ಗಾಳಿಯಿಂದ ಕೂಸಿಗೆ ಏನಾಗುತ್ತದೆ? ಹಾಗೆಂದು ಹೊಟ್ಟೆಯ ಮೇಲೆ ಕೈಯಿಟ್ಟೆ. ಆಗ ಹೊಳೆಯಿತು, ಬೀಳಗಿ ಬಿಟ್ಟಾಗಿನಿಂದ ಅದು ಒದ್ದಿಲ್ಲ. ಅಥವಾ ಬೀಳಗಿಗೆ ಬರುವಾಗಿನಿಂದಲೇ? ಆ ಕುಣಿ ದಾಟಿದ ಮೇಲೆ ಒದ್ದಿತ್ತೇ? ಎಷ್ಟು ನೆನೆದರೂ ನೆನಪಾಗಲಿಲ್ಲ. ಕಿಟಕಿಯಾಚೆ ಹೊಲಗಳು ಹೋಗುತ್ತಿದ್ದವು, ನನಗೆ ಒಂದೂ ಕಾಣಲಿಲ್ಲ. ಎಡಕ್ಕೆ ಸರಿದು ಕೂತೆ, ಬಲಕ್ಕೆ ಸರಿದು ಕೂತೆ. ಒಳಗೆ ಕಲ್ಲಿಟ್ಟಂತೆ ಸುಮ್ಮನಿತ್ತು.

“ಬೇ, ಹೊಳ್ಳವಲ್ಲದು” ಅಂದೆ.

ಅವ್ವ ನನ್ನ ಹೊಟ್ಟೆಗೆ ಅಂಗೈ ಒತ್ತಿ ಬಹಳ ಹೊತ್ತು ಕೂತಳು. ಆಮೇಲೆ ತೆಗೆದಳು. “ಮಲಗಿರಬೇಕು” ಅಂದಳು. ಆ ದನಿಯನ್ನು ನಾನು ಹಿಂದಿನ ವರ್ಷವೂ ಕೇಳಿದ್ದೆ.

ಜಮಖಂಡಿಯಲ್ಲಿ ಇಳಿದು ಮನೆಗೆ ಹೋಗದೆ ನರ್ಸಮ್ಮನ ಬಾಗಿಲಿಗೆ ಹೋದೆವು. ಅವರು ಮಲಗಿಸಿ, ತುತ್ತೂರಿಯಂಥ ಕೊಳವೆ ಹೊಟ್ಟೆಗಿಟ್ಟು ಕಿವಿ ಹಚ್ಚಿದರು. ಬಡಿತ ಐತ್ರಿ, ದಣದೈತಿ, ಮಲಕೋರಿ ಅಂದರು. ಬೇರೆಯವಳಾಗಿದ್ದರೆ ಅಷ್ಟಕ್ಕೇ ಸಮಾಧಾನ ಆಗುತ್ತಿದ್ದಳು. ಹಿಂದಿನ ವರ್ಷವೂ ಬಡಿತ ಐತಿ ಎಂದು ಕೇಳಿಸಿಕೊಂಡೇ ನಾನು ಹೆರಿಗೆಗೆ ಹೋಗಿದ್ದೆ. ಮನೆಯಲ್ಲಿ ನನ್ನ ಗಂಡ ಅನ್ನಕ್ಕಿಟ್ಟು ಕಾಯುತ್ತಿದ್ದರು. ಅವರಿಗೆ ನರ್ಸಮ್ಮನ ಮಾತಷ್ಟೇ ಹೇಳಿದೆ. ಬೀಳಗಿಯ ಮಾತು ಹೇಳಲಿಲ್ಲ. ಅವರಿಗೂ ಅದು ಹತ್ತಿಕೊಳ್ಳುವುದು ಬೇಡ ಅನ್ನಿಸಿತು.

ಬೆಳಗಾಯಿತು. ಒದ್ದಿರಲಿಲ್ಲ. ರಬಕವಿಯ ಬಸ್ಸು ಹತ್ತಿದೆವು. ಊರು ಹತ್ತಿರಾದಂತೆ ವಿದ್ಯುತ್ ಮಗ್ಗಗಳ ಸದ್ದು ಬಂತು, ಮಳೆ ಸುರಿದ ಹಾಗೆ ಒಂದೇ ಸಮ. ರಬಕವಿಯಲ್ಲಿ ಇಳಿದು ನೇಕಾರರ ಮನೆಯೊಂದರಲ್ಲಿ ಮೂರನೆಯ ಸೀರೆ ಬೇಡಿದೆ, ನೀಲಿ ಚೌಕಡಿಯದು. ಈ ಸಲ ನಾಚಿಕೆಯೂ ಆಗಲಿಲ್ಲ, ಬಿ.ಎ.ಯೂ ನೆನಪಾಗಲಿಲ್ಲ. ಸೆರಗಿಗೆ ಬಿದ್ದ ಕೂಡಲೇ ಬಾಯಿಗೆ ಕೈ ಮುಚ್ಚಿಕೊಂಡು ಇಳಿದೆ. ಊರಾಚೆ ದೂರದಲ್ಲಿ ಕೃಷ್ಣೆ ತುಂಬಿ, ಕೆಂಪು ಇಳಿದು ತಿಳಿಯಾಗಿ ಹರಿಯುತ್ತಿದ್ದಳು. ಬೇರೆ ವರ್ಷ ಆಗಿದ್ದರೆ ದಂಡೆಗೆ ಹೋಗಿ ಕಾಲು ಇಳಿಬಿಟ್ಟು ಕೂಡುತ್ತಿದ್ದೆ.

ಬನಹಟ್ಟಿಯ ಮನೆಯಲ್ಲಿ ಅಪ್ಪ ಕುಣಿಮಗ್ಗದಲ್ಲಿ ಕೂತಿದ್ದ, ಕಾಲು ಕುಣಿಯೊಳಗೆ, ಕೈ ಲಾಳಿಯ ಮೇಲೆ. ನನ್ನ ಮುಖ ನೋಡಿ ಮಗ್ಗ ನಿಲ್ಲಿಸಿದ. ನಡೆಸಪ್ಪಾ ಅಂದೆ, ಆ ಸದ್ದು ಬೇಕಾಗಿತ್ತು. ಅವ್ವ ಪಡಸಾಲೆಯಲ್ಲಿ ಅರಿವೆ ಹಾಸಿ, ಸೀರೆಗಳನ್ನು ಹರಿದು ತುಂಡು ಜೋಡಿಸತೊಡಗಿದಳು. ಪಕ್ಕದ ಮನೆಯ ಹೆಂಗಸರಿಬ್ಬರು ಸೂಜಿ ದಾರ ಹಿಡಿದು ಬಂದರು. ಮಾತು, ನಗೆ, ಚಹಾ, ಎಲೆ ಅಡಿಕೆ. ಕೌದಿ ಹೊಲಿಯುವ ಮನೆ ಯಾವತ್ತೂ ಹಾಗೇ. ಹಸಿರು ಕೂತಿತು, ನೀಲಿ ಕೂತಿತು. ಬೀಳಗಿಯ ಕೆಂಪಂಚಿನದನ್ನು ಅವ್ವ ಮಡಿಚಿ ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು.

ಅದನ್ನೂ ಹಾಕು ಅಂದೆ. ಬ್ಯಾಡ ಅಂದಳು. ಆ ಅರಿವೆಯ ಮೇಲೆ ಮಾತು ಬಿದ್ದಿದೆ, ಬೇರೆ ಊರಿಂದ ತಂದರಾಯಿತು. ಹೆಂಗಸರ ಸೂಜಿಗಳು ನಿಂತವು.

ನಿನ್ನೆಯಿಂದ ನಾನು ಹೆದರಿದ್ದು ಆ ಮಾತಿಗೇ. ಅದನ್ನು ಬಚ್ಚಿಟ್ಟರೆ ಹೋಗುವುದಿಲ್ಲ ಎಂದು ಆಗ ಅನ್ನಿಸಿತು. “ಬರ್ತೀನಿ ಅಂದೀನಿ, ಹೋಗತೀನಿ” ಅಂದೆ. “ಬೇಡಾಕಲ್ಲ ಬೇ. ಕೂಸಿನ್ನ ತೋರಸಾಕ ಹೋಗತೀನಿ.”

“ಕೂಸು ಇಲ್ಲಂದ್ರ?”

ಅವ್ವ ಅದನ್ನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅವಳೂ ಅಷ್ಟೇ ಹೆದರಿದ್ದಳು.

“ಇಲ್ಲಂದ್ರ ಕೌದಿ ಅಷ್ಟ ತಗೊಂಡು ಹೋಗತೀನಿ. ಹೋಗೂದು ತಪ್ಪಸೂದಿಲ್ಲ.”

ಅಪ್ಪನ ಲಾಳಿ ಒಂದು ಸಲ ತಪ್ಪಿ ಮತ್ತೆ ನಡೆಯಿತು. ಅವ್ವ ತೊಡೆಯ ಕೆಳಗಿನ ಅರಿವೆ ತೆಗೆದು, ಕೊಡವಿ, ಹಸಿರು ನೀಲಿ ಎರಡನ್ನೂ ಸರಿಸಿ, ನಟ್ಟ ನಡುವೆ ಹಾಸಿದಳು. ಅಲ್ಲೇ ಮೊದಲ ಹೊಲಿಗೆ ಹಾಕಿದಳು.

ಸಂಜೆಗೆ ಮೂರು ಮೂಲೆ ಮುಗಿದವು. ನಾಲ್ಕನೆಯದನ್ನು ನಮ್ಮ ಮನೆಯಲ್ಲಿ ಹೊಲಿಯದೆ ಬಿಡುತ್ತಾರೆ. ಕೂಸು ತೊಟ್ಟಿಲಿಗೆ ಬಂದ ದಿನವೇ ಅದನ್ನು ಮುಚ್ಚುವುದು. ಅವ್ವ ಅಲ್ಲಿ ಸೂಜಿ ಚುಚ್ಚಿ ಕೌದಿ ಮಡಿಚಿಟ್ಟಳು. ಹೆಂಗಸರು ಎದ್ದು ಹೋದರು. ಯಾರೋ ಸೀತಾಫಲ ತಂದಿಟ್ಟಿದ್ದರು. ಕಟ್ಟೆಯ ಮೇಲೆ ಕೂತು ಒಂದನ್ನು ಒಡೆದು ತಿಂದೆ, ಬೀಜ ಅಂಗಳಕ್ಕೆ ಉಗಿದೆ. ಎರಡನೆಯದು ಒಡೆಯುವಾಗ ಎಡಗಡೆ ಪಕ್ಕೆಯಡಿ ಒಂದು ಒದೆ ಬಿತ್ತು. ಆಮೇಲೆ ಇನ್ನೊಂದು.

ನಾನು ಕೂಗಲಿಲ್ಲ. ಅವ್ವನಿಗೆ ಹೇಳಲೂ ಹೆದರಿದೆ. ಅವಳ ಕೈ ಹಿಡಿದು ಅಲ್ಲಿಗೆ ಒಯ್ದಿಟ್ಟೆ ಅಷ್ಟೆ. ಹಣ್ಣಿನ ರಸ ಮೊಣಕೈತನಕ ಇಳಿಯುತ್ತಿತ್ತು. ಆ ದಿನದಿಂದ ದಿನ ತುಂಬುವ ಪುಷ್ಯ ಮಾಸದ ತನಕ ಮಡಿಚಿಟ್ಟ ಕೌದಿಯ ಕಡೆ ನೋಡದೆ ದಿನ ಕಳೆದೆ. ಆ ಸೂಜಿ ಮಾತ್ರ ಕಣ್ಣಿಗೆ ಬೀಳುತ್ತಲೇ ಇತ್ತು.

ಬೀಳಗಿಗೆ ಮತ್ತೆ ಹೋದದ್ದು ಮುಂದಿನ ವರ್ಷ, ಸೀತಾಫಲದ ದಿನಗಳಲ್ಲಿ. ಅದೇ ರಸ್ತೆ, ಅವೇ ಕುಣಿಗಳು. ಈ ಸಲ ಒಬ್ಬಳೇ ಹೋಗಿದ್ದೆ, ಅವ್ವನಿಲ್ಲದೆ. ಗುರಬಸವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದವಳು ತಲೆಯೆತ್ತಿದಳು. ನನ್ನ ಮುಖ ನೋಡಲಿಲ್ಲ. ಬಗಲಲ್ಲಿದ್ದ ಕೌದಿ ನೋಡಿದಳು, ನಡುವಿನ ಕೆಂಪಂಚು ನೋಡಿದಳು, ಅದರೊಳಗಿಂದ ಹೊರಗೆ ಬಿದ್ದಿದ್ದ ಬೆಳ್ಳಿ ಗೆಜ್ಜೆಯ ಕಾಲು ನೋಡಿದಳು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಮಗಳನ್ನು ತಗೊಂಡಳು. ಹೆಸರು ಕೇಳಿದ್ದು ಎಷ್ಟೋ ಹೊತ್ತಿನ ಮೇಲೆ.

ಊಟ ಮಾಡಿದೆ, ಅವಳ ನಡುವಿನ ಮಗನ ಲೆಕ್ಕದ ಪಾಟಿ ನೋಡಿದೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಬಾಯಿ ತೆರೆದವಳು ಮುಚ್ಚಿದೆ. ಒಂದು ವರ್ಷದ ಅಂಜಿಕೆ ಒಂದು ದಿನಕ್ಕೆ ಹೋಗುವಂಥದ್ದಲ್ಲ. ಗುರಬಸವ್ವ ಅದೇ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡಿದ್ದಳು.

“ಈಗ ಅನ್ರಿ, ಅಕ್ಕೋರ” ಅಂದಳು.

ಅಂದೆ. “ಬರ್ರಿ” ಅಂದಳು ಅವಳು. ಓಣಿ ತಿರುಗುವಲ್ಲಿ ನಿಂತು ಹಿಂದೆ ನೋಡಿದೆ. ಇನ್ನೂ ಅಲ್ಲೇ ನಿಂತಿದ್ದಳು.