ಕ್ಯಾಮೆರಾಗೆ ಹಾಕಿದ ಸೇವಂತಿಗೆ ಹಾರ

ಅಮ್ಮ ಚಿರತೆ ನೋಡಿದೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಹೆದರಲಿಲ್ಲ. ಒಬ್ಬರಾದರೂ ಹೆದರಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕೆಂಗೇರಿಯ ಹಿಂದೆ, ಬಂಡೆಗುಡ್ಡದ ಬುಡದಲ್ಲಿ, ನಮ್ಮ ಹೊಲದ ಒಂದು ತುಂಡು ಸೈಟಾಗದೆ ಉಳಿದುಕೊಂಡಿದೆ. ಒಂದು ಹೊಂಗೆಮರ, ಒಂದು ಬೋರ್‌ವೆಲ್, ಹಿಂದೆ ದನಗಳಿಗೆ ನೀರು ತುಂಬಿಸುತ್ತಿದ್ದ ಕಲ್ಲುಬಾನಿ, ಅಮ್ಮ ಹಾಕಿದ ಕನಕಾಂಬರದ ಸಾಲು. ಬೆಳಗ್ಗೆ ಅಲ್ಲಿಗೆ ಹೋಗಿ ದೇವರಿಗೆ ಹೂ ಬಿಡಿಸಿಕೊಂಡು ಬಾರದಿದ್ದರೆ ಅಮ್ಮನಿಗೆ ಗಂಟಲಲ್ಲಿ ಕಾಫಿ ಇಳಿಯದು. ಒಂದು ದಿನ ಹಾಗೆ ಹೋದವಳು ಬರಿಗೈಯಲ್ಲಿ ವಾಪಸು ಬಂದು, ಬಾನಿಯಲ್ಲಿ ಚಿರತೆ ನೀರು ಕುಡೀತಿತ್ತು ಎಂದಳು.

"ನಾಯಿ ಇರ್ಬೇಕು ಕಣಮ್ಮ," ಅಂದ ಅಣ್ಣ.

ಅವಳ ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನ ಆಗಿರಲಿಲ್ಲ. ಮತ್ತೊಮ್ಮೆ ನೋಡಿದೆ ಎಂದಾಗ ಅಣ್ಣ ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಬಹಳ ಮೆತ್ತಗೆ, "ಇಲ್ಲದೇ ಇರೋದು ಏನಾದ್ರೂ ಕಾಣ್ಸುತ್ತಾ ಅಮ್ಮ?" ಎಂದು ಕೇಳಿದರಂತೆ. ಅಲ್ಲಿಂದ ಬಂದವಳು ಚಿರತೆಯ ಮಾತೇ ಬಿಟ್ಟಳು. ಇನ್ನು ಒಬ್ಬಳೇ ಹೊಲದ ಕಡೆ ಹೋಗಕೂಡದು ಎಂದು ಅಣ್ಣ ಕಟ್ಟುನಿಟ್ಟು ಮಾಡಿದ. ಭಾನುವಾರ ವಿಜಯನಗರದಿಂದ ಮೆಟ್ರೋ ಹತ್ತಿ ಅವಳನ್ನು ನೋಡಲು ಹೋದರೆ, ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಬೈಯುವ ಅಮ್ಮನಾದರೆ ಹೇಗೋ ನಿಭಾಯಿಸಬಹುದು, ಮಾತು ಬಿಟ್ಟ ಅಮ್ಮನನ್ನು ನೋಡಲಾಗದು.

ನಾನು ಪಾಠ ಹೇಳುವ ಶಾಲೆಯ ಮೇಷ್ಟ್ರೊಬ್ಬರಿಗೆ ಕಾಡುಪ್ರಾಣಿಗಳ ಹುಚ್ಚು. ಅವರ ಬಳಿ ಟ್ರೇಲ್ ಕ್ಯಾಮೆರಾ ಇತ್ತು. ಮರಕ್ಕೆ ಕಟ್ಟಿಬಿಟ್ಟರೆ ಸಾಕು, ಎದುರಿಗೆ ಮೈ ಬಿಸಿಯಿರುವ ಯಾವ ಜೀವ ಅಲುಗಿದರೂ ತಾನೇ ಫೋಟೊ ತೆಗೆದುಕೊಳ್ಳುತ್ತದೆ. ದಸರಾ ರಜೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಕೊಟ್ಟರು. ಕಲ್ಲುಬಾನಿ ಕಾಣುವಂತೆ ಅದನ್ನು ಹೊಂಗೆಮರಕ್ಕೆ ಬಿಗಿದೆ. ಮುಂಗುಸಿ ಸಿಕ್ಕಿತು, ನವಿಲು ಸಿಕ್ಕಿತು, ಮೋಟಾರು ಹಾಕಲು ಬಂದ ಅಣ್ಣನ ಬೆನ್ನು ಬೇಕಾದಷ್ಟು ಸಿಕ್ಕಿತು. ನಾಯಿಗಳಿಗಂತೂ ಲೆಕ್ಕವಿಲ್ಲ. ಪ್ರತಿ ನಾಯಿಗೂ ಅಣ್ಣ ನನ್ನ ಮುಖ ನೋಡುತ್ತಿದ್ದ.

ಆಯುಧಪೂಜೆಯ ದಿನ ಬೈಕು, ಮಿಕ್ಸಿ, ಕುಡುಗೋಲುಗಳ ಪೂಜೆ ಮುಗಿಸಿ, ಬೋರ್‌ವೆಲ್ ಮೋಟಾರಿಗೂ ಮಾಡೋಣವೆಂದು ಎಲ್ಲರೂ ಹೊಲಕ್ಕೆ ಹೋದೆವು. ನಾನು ಮೋಟಾರಿನ ಹತ್ತಿರ ಕರ್ಪೂರ ಹಚ್ಚುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಕ್ಯಾಮೆರಾದ ನೆತ್ತಿಗೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ ಕೈ ಮುಗಿಯುತ್ತಿದ್ದಾಳೆ.

"ಅಮ್ಮಾ, ಅದ್ಯಾಕೆ?"

"ಹಗಲು ರಾತ್ರಿ ಕೆಲ್ಸ ಮಾಡ್ತಾ ಇದೆ ಕಣೇ ಪಾಪ. ಮಿಕ್ಸಿಗೆ ಹಾಕ್ಬೋದಂತೆ, ಇದಕ್ಕೆ ಬೇಡ್ವಾ?"

ಅವಳು ಅಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. ಹಾರ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಮಾರನೆಯ ದಿನ ವಿಜಯದಶಮಿ. ರಜೆ ಮುಗಿಯುತ್ತ ಬಂದಿತ್ತು, ಕ್ಯಾಮೆರಾ ಹಿಂತಿರುಗಿಸಬೇಕು. ಮಧ್ಯಾಹ್ನ ಬಿಚ್ಚಿ ತಂದು, ಉಳಿದ ಕಡ್ಲೆಪುರಿ ಮುಂದಿಟ್ಟುಕೊಂಡು ಮೂವರೂ ಲ್ಯಾಪ್‌ಟಾಪಿನ ಎದುರು ಕೂತೆವು. ಹಾರ ಜಾರಿ ಲೆನ್ಸಿನ ಮುಂದೆ ತೂಗಾಡಿತ್ತು. ಬಿಸಿಲಿಗೆ ಕಾದ ಹೂ ಗಾಳಿಗೆ ಅಲುಗಿದಾಗಲೆಲ್ಲ ಫೋಟೊ. ಹಳದಿ, ಬರೀ ಹಳದಿ. ಇದೂ ಹೋಯಿತು ಎಂದುಕೊಂಡು ಬೇಸರದಿಂದ ಒತ್ತುತ್ತಾ ಹೋದೆ.

ಒಂದು ಚಿತ್ರದಲ್ಲಿ ಹೂವಿನ ಆಚೆ ಕಣ್ಣಿತ್ತು.

ಬೆಳಕು ಆಗತಾನೆ ಹರಿದಿತ್ತು. ಚಿರತೆ ಹಾರವನ್ನು ಮೂಸುತ್ತಿತ್ತು. ಪರದೆಯ ತುಂಬ ಅದರ ಮುಖವೇ. ಒದ್ದೆ ಮೂಗಿಗೆ ಒಂದು ಹಳದಿ ಎಸಳು ಅಂಟಿದೆ, ಮೀಸೆಯ ತುದಿಯಲ್ಲಿ ನೀರಹನಿ ನಿಂತಿದೆ. ನನಗೆ ಭಯವಾಗಲಿಲ್ಲ; ಇಷ್ಟು ಚೆಂದದ್ದೊಂದು ನಮ್ಮ ಬಾನಿಯ ನೀರು ಕುಡಿದು, ಅಮ್ಮ ಹಾಕಿದ ಹೂವಿನ ವಾಸನೆ ನೋಡಿಕೊಂಡು ಹೋಗಿದೆಯಲ್ಲ ಎಂದು ಮೈ ಜುಮ್ಮೆಂದಿತು. ಅಣ್ಣ ಬಾಯಿಗೆ ಹಾಕಿಕೊಂಡ ಪುರಿಯನ್ನು ಅಗಿಯುವುದನ್ನೇ ಮರೆತಿದ್ದ.

"ನೀನ್ ಹೇಳಿದ್ದೇ ನಿಜ ಕಣಮ್ಮ," ಅಂದ ಕೊನೆಗೆ.

ನಾನು ಮುಂದಿನ ಫೋಟೊ ಒತ್ತಿದೆ. ಅದರಲ್ಲಿ ಅಮ್ಮ. ಒಂದು ಕೈಯಲ್ಲಿ ಹಾಲಿನ ಚೀಲ, ಇನ್ನೊಂದು ಕೈ ಜಾರಿದ ಹಾರವನ್ನು ಸರಿಮಾಡುತ್ತಿದೆ. ಎರಡು ಚಿತ್ರಗಳ ನಡುವೆ ಅರ್ಧ ಗಂಟೆಯೂ ಇರಲಿಲ್ಲ. ಹಾಲು ತರುತ್ತೇನೆಂದು ಹೊರಟವಳು ಕದ್ದು ಹೊಲಕ್ಕೆ ಹೋಗಿದ್ದಳು. ಬಹುಶಃ ದಿನಾ ಹೋಗುತ್ತಿದ್ದಳು, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರದ ಹಿಂದಿನಿಂದ.

ಅಣ್ಣನ ಮುಖ ಬಿಳಿಚಿಕೊಂಡಿತು. "ಇವತ್ತಿಂದ ನೀನು ಆ ಕಡೆ ಕಾಲಿಡೋ ಹಾಗಿಲ್ಲ!"

"ಚಿರತೆ ಇಲ್ಲ, ತಲೆ ಕೆಟ್ಟಿದೆ, ಹೋಗ್ಬೇಡ ಅಂದೆ. ಈಗ ಚಿರತೆ ಇದೆ, ಹೋಗ್ಬೇಡ ಅಂತೀಯ. ಚಿರತೆ ಇದ್ರೂ ಇಲ್ದಿದ್ರೂ ನಿಂಗೆ ಒಂದೇ ಕಣೋ, ನಾನು ಹೋಗ್ಬಾರ್ದು ಅಷ್ಟೇ."

ಅಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿದಳು. ತನ್ನ ಫೋಟೊ ನೋಡಲಿಲ್ಲ, ಹಿಂದಕ್ಕೆ ಹೋಗು ಎಂದು ಸನ್ನೆ ಮಾಡಿ ಚಿರತೆಯನ್ನೇ ನೋಡಿದಳು.

"ನಾನು ಹೋದಾಗ ಅಲ್ಲೇ ಎಲ್ಲೋ ಕೂತಿತ್ತೇನೋ. ನನ್ನ ನೋಡಿರುತ್ತೆ, ಅಲ್ವಾ?" ಎಂದಳು. ಕಣ್ಣು ತುಂಬಿತ್ತು. "ಬೆಳಗಿನ ಹೊತ್ತು ಅದು ಇಟ್ಕೊಳ್ಳಲಿ. ನಾನು ಬಿಸಿಲು ಏರಿದ ಮೇಲೆ ಹೋಗ್ತೀನಿ. ಬೇಕಾದ್ರೆ ನೀನೂ ಬಾರೋ."

ಮುಂದಿನ ಭಾನುವಾರ ಮೂವರೂ ಹೋದೆವು. ಬಿಸಿಲು ಚೆನ್ನಾಗಿ ಏರಿತ್ತು. ಅಣ್ಣನ ಕೈಯಲ್ಲಿ ದೊಣ್ಣೆ. ಅಮ್ಮ ಬೇಲಿಯ ಬಳಿ ನಿಂತು ಕೆಮ್ಮಿದಳು. ಸೊಸೆಯಂದಿರು ಕೂತಿರುತ್ತಿದ್ದ ಅಡುಗೆಮನೆಗೆ ಬರುವ ಮುಂಚೆ ನಮ್ಮ ತಾತ ಹೊಸಿಲಲ್ಲಿ ನಿಂತು ಹೀಗೇ ಕೆಮ್ಮುತ್ತಿದ್ದರು, ಒಳಗಿರುವವರಿಗೆ ತಿಳಿಯಲಿ ಎಂದು.

"ನೀವೂ ಕೆಮ್ರೋ, ಸುಮ್ನೆ ನುಗ್ಬಾರ್ದು," ಅಂದಳು.

ನಾನು ಕೆಮ್ಮಿದೆ. ಅಣ್ಣ ದೊಣ್ಣೆ ಕಂಕುಳಿಗೆ ಸಿಕ್ಕಿಸಿಕೊಂಡು ನಮ್ಮಿಬ್ಬರಿಗಿಂತ ಜೋರಾಗಿ ಕೆಮ್ಮಿ, ಅಮ್ಮ ಮೊದಲು ಒಳಗೆ ಹೋಗಲಿ ಎಂದು ಪಕ್ಕಕ್ಕೆ ಸರಿದು ನಿಂತ.