ಗಟ್ಟಿಯಾಗದ ಸೀಬೆ ಜಾಮು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ತರೀಕೆರೆಯಿಂದ ಯಗಟಿಗೆ ಬಂದೆ. ಅದೇ ವರ್ಷ ನಾದಿನಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಮಗು ಹುಟ್ಟಿ ಕೆಲವೇ ದಿನ ಇತ್ತು. ಅದು ಹೋದ ಮೇಲೆ ಅವಳು ಊಟ ಬಿಟ್ಟಳು. ತಟ್ಟೆ ಮುಂದಿಟ್ಟರೆ ಅದನ್ನೇ ನೋಡುತ್ತಾ ಕೂರುವಳು. ಬಲವಂತ ಮಾಡಿದರೆ ಒಂದೆರಡು ಗುಟುಕು ಗಂಜಿ ಕುಡಿಯುವಳು, ಅಷ್ಟೇ. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಕಡೂರಿನ ಡಾಕ್ಟರು ನಮ್ಮವರನ್ನು ಹೊರಗೆ ಕರೆದು ಹೇಳಿದ್ದರು.

ಒಂದು ಬೆಳಿಗ್ಗೆ ಅವಳೇ ಬಾಯಿಬಿಟ್ಟು ಕೇಳಿದಳು. "ಅತ್ಗೆ, ಹೆಣ್ಣು ನೋಡೋಕೆ ಬಂದಾಗ ನಿಮ್ಮಮ್ಮ ಸೀಬೆಹಣ್ಣಿನ ಜಾಮ್ ಕೊಟ್ಟಿದ್ರಲ್ಲ, ಅದಿದ್ರೆ ಚಪಾತಿ ತಿಂತೀನಿ."

ಅಂದೇ ಹಣ್ಣು ತರಿಸಿದೆ. ನಮ್ಮಮ್ಮ ಜಾಮು ಗಟ್ಟಿಯಾಗಲೆಂದು ಕೊನೆಯಲ್ಲಿ ನಿಂಬೆರಸ ಹಿಂಡುತ್ತಿದ್ದಳು. ಈ ಮನೆಯಲ್ಲಿ ಆಗ ಅದಕ್ಕೆ ದಾರಿಯಿರಲಿಲ್ಲ. ಮಗು ತೀರಿಕೊಂಡ ವಾರವೇ ಅತ್ತೆ ಅಂತರಘಟ್ಟೆಯ ಗುಡಿಗೆ ಹೋಗಿ, ದೇವಿಯ ಪಾದದ ಮೇಲಿಟ್ಟ ನಿಂಬೆಹಣ್ಣು ತಂದು ಮಗಳ ದಿಂಬಿನ ಕೆಳಗೆ ಇಟ್ಟಿದ್ದರು. ಅಂಥ ಹಣ್ಣು ಮನೆಯಲ್ಲಿರುವಷ್ಟು ದಿನ ಬೇರೆ ಯಾವ ನಿಂಬೆಹಣ್ಣನ್ನೂ ಹೆಚ್ಚಬಾರದು. ಅದು ತಾನಾಗಿ ಒಣಗಿದ ಮೇಲೆ ಹರಿಯುವ ನೀರಿಗೆ ಬಿಡಬೇಕು. ಆ ಮನೆಯ ನಡಾವಳಿ ಹಾಗಿತ್ತು. ಅದನ್ನು ತಂದು ತಿಂಗಳ ಮೇಲಾಗಿತ್ತು. ಹಾಸಿಗೆ ಕೊಡವುವಾಗೆಲ್ಲ ನಾನು ನೋಡುತ್ತಿದ್ದೆ. ಹಣ್ಣು ಒಣಗಿರಲಿಲ್ಲ. ಆಗಷ್ಟೇ ಗಿಡದಿಂದ ಕಿತ್ತ ಹಾಗೆ ಸಿಪ್ಪೆ ಬಿಗಿಯಾಗಿಯೇ ಇತ್ತು.

ನಿಂಬೆಯಿಲ್ಲದೆಯೇ ಜಾಮು ಮಾಡಿದೆ. ಮರುದಿನ ಬಾಟಲಿ ಓರೆ ಮಾಡಿದರೆ ಒಳಗಿನದು ಎಣ್ಣೆಯ ಹಾಗೆ ಹರಿಯಿತು.

"ಇದೇನು ಜಾಮೋ, ಪಾನಕವೋ? ಲೋಟಕ್ಕೆ ಬಗ್ಗಿಸಿಡು, ನೆಂಟ್ರು ಬಂದ್ರೆ ಕುಡೀತಾರೆ" ಎಂದರು ಅತ್ತೆ.

ನಾದಿನಿ ಒಮ್ಮೆ ನೋಡಿ, "ಇದಲ್ಲ" ಎಂದು ಗೋಡೆಯ ಕಡೆ ತಿರುಗಿದಳು.

ಮತ್ತೆ ಪಾತ್ರೆಗೆ ಸುರಿದು ಕುದಿಸಿದೆ. ಬಣ್ಣ ಕಪ್ಪಾಯಿತೇ ಹೊರತು ಗಟ್ಟಿಯಾಗಲಿಲ್ಲ. ಹುಣಸೆ ಹಾಕಿದರೆ ರುಚಿ ಬೇರೆಯಾಗುತ್ತದೆ, ಅವಳು ಮತ್ತೆ "ಇದಲ್ಲ" ಎನ್ನುತ್ತಾಳೆ.

"ಒಂದೇ ಒಂದು ನಿಂಬೆಹಣ್ಣು ತರಿಸ್ಲಾ ಅತ್ತೆ?"

"ಸುಮ್ನಿರು ಕಣೇ. ನನ್ ಮಗಳ ಜೀವ ಅದರ ಮೇಲೈತೆ" ಎಂದು ಅವರು ಹಿತ್ತಿಲಿಗೆ ಹೋದರು.

ಮಧ್ಯಾಹ್ನದ ಬಿಸಿಲು ಅಡುಗೆಮನೆಯೊಳಕ್ಕೆ ಬಿದ್ದಿತ್ತು. ನಾದಿನಿ ಎದ್ದು ಬಂದಳು. ಕೈಯಲ್ಲಿ ದಿಂಬಿನ ಕೆಳಗಿನ ಹಣ್ಣಿತ್ತು. ಈಳಿಗೆಮಣೆ ಎಳೆದುಕೊಂಡು ಅದನ್ನು ಎರಡು ಹೋಳು ಮಾಡಿದಳು. ನಾನು ಹಿತ್ತಿಲ ಬಾಗಿಲ ಕಡೆ ನೋಡಿದೆ. ಎರಡೂ ಹೋಳುಗಳನ್ನು ಪಾತ್ರೆಗೆ ಹಿಂಡಿ, "ಕೈಯಾಡಿಸಿ ಅತ್ಗೆ, ತಳ ಹತ್ತುತ್ತೆ" ಎಂದಳು. ಕಾಯಿಲೆಯೇ ಇಲ್ಲದವರ ದನಿ.

ಸ್ವಲ್ಪ ಹೊತ್ತು ಕುದಿಸಿ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟೆ. ಆರಿದ ಮೇಲೆ ಬೆರಳಿನಿಂದ ಗೀರಿದರೆ ಗೆರೆ ಹಾಗೇ ನಿಂತಿತು. ಅವಳು ಗೋಡೆಗೆ ಒರಗಿ ಕೂತಳು. ಜಾಮು ಬಡಿಸಿ, ಬೆಳಗಿನ ಚಪಾತಿ ಇಟ್ಟೆ.

ಅವಳು ಮೊದಲು ಕಿರುಬೆರಳನ್ನು ಜಾಮಿಗೆ ಅದ್ದಿದಳು. ಹಸುಗೂಸಿಗೆ ಜೇನು ನೆಕ್ಕಿಸುವ ಹಾಗೆ ಆ ಬೆರಳನ್ನು ಮಡಿಲ ಮೇಲೆ, ಗಾಳಿಯಲ್ಲಿ ಹಿಡಿದಳು. ನಾನು ಎದುರಿಗೇ ಕೂತಿದ್ದೆ. ಕಿಟಕಿಯ ಬೆಳಕು ಅವಳ ಕೈ ಮೇಲಿತ್ತು. ಬೆರಳು ಯಾರೋ ಮೆಲ್ಲನೆ ಎಳೆದಂತೆ ಒಂದೆರಡು ಸಲ ಅಲುಗಿತು. ಎತ್ತಿದಾಗ ಅದರ ಮೇಲೆ ಜಾಮು ಇರಲಿಲ್ಲ. ಕೈ ನಡುಗಿ ಅಲುಗಿರಬಹುದು. ಜಾಮು ಸೀರೆಗೆ ಬಿದ್ದಿರಬಹುದು ಎಂದುಕೊಂಡು ಮರುದಿನ ಒಗೆಯುವಾಗ ಸೆರಗು, ನೆರಿಗೆ ಎಲ್ಲ ಬಿಡಿಸಿ ನೋಡಿದೆ. ಕಲೆ ಇರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

"ಸಾಕು, ಈಗ ನಾನು ತಿಂತೀನಿ" ಎಂದು ಮಡಿಲು ನೋಡುತ್ತಾ ಹೇಳಿ, ಕೂಸನ್ನು ಮಲಗಿಸುವ ಹಾಗೆ ಎರಡೂ ಕೈಗಳನ್ನು ಪಕ್ಕದ ನೆಲಕ್ಕೆ ಇಳಿಸಿ, ಅವಳು ಚಪಾತಿ ಮುರಿದು ತಿನ್ನತೊಡಗಿದಳು.

ಅಷ್ಟರಲ್ಲಿ ಅತ್ತೆ ಹಿತ್ತಿಲಿನಿಂದ ಬಂದರು. ಹಿಂಡಿದ ಹೋಳುಗಳನ್ನು ನೋಡಿದರು, ಮಗಳು ಅಗಿಯುತ್ತಿರುವುದನ್ನೂ ನೋಡಿದರು. ಬಂದು ಅವಳ ಪಕ್ಕ ಕೂರಲು ಬಗ್ಗಿದರು.

"ಆ ಕಡೆ ಕೂತ್ಕೋ ಅವ್ವ, ತುಳಿದ್ಬಿಟ್ಟೀಯ" ಎಂದಳು ನಾದಿನಿ.

ಅತ್ತೆ ನೆಲ ನೋಡಿದರು. ಸೀರೆ ಎತ್ತಿ ಹಿಡಿದು, ಬಳಸಿಕೊಂಡು ಆ ಕಡೆ ಹೋಗಿ ಕೂತರು. ಆಮೇಲೆ ಮಗಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು.