ಶಿವಮಲ್ಲುವಿನದಲ್ಲದ ಮೌನ

"ಚರಣದ ಕೊನೆಯಲ್ಲಿ ಥಟ್ಟನೆ ನಿಲ್ಲಿಸಿ, ಚಾಮರಾಜನಗರದ ಇಡೀ ಸಭೆಯನ್ನು ಉಸಿರು ಬಿಗಿಹಿಡಿದು ಕೂರಿಸಿದವನು ನಮ್ಮ ಶಿವಮಲ್ಲು. ಶೀಲ್ಡ್ ತಂದದ್ದು ಹಾಡಲ್ಲ, ಅವನ ಆ ಮೌನ." ಗುಂಡ್ಲುಪೇಟೆಯಲ್ಲಿ ನಮ್ಮ ಹೈಸ್ಕೂಲಿನ ಹಳಬರು ಸೇರಿದಾಗಲೆಲ್ಲ ಈ ಮಾತು ಬರುತ್ತದೆ. ಕಳೆದ ತಿಂಗಳು ಅವನ ನುಡಿನಮನದಲ್ಲೂ ಬಂತು. ಇದನ್ನೇ ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೋಡೆಗೆ ಹಾಕುವುದೆಂದು ತೀರ್ಮಾನವೂ ಆಯಿತು. ನಾನು ಎದ್ದು ಅಲ್ಲವೆಂದೆ. "ಸತ್ತ ಮೇಲೂ ಹೊಟ್ಟೆಕಿಚ್ಚೇನ್ಲಾ ನಿಂಗೆ?" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಹೌದು, ಇದೆ. ಇದ್ದರೇನು? ಹೊಟ್ಟೆಕಿಚ್ಚಿನಿಂದ ನೋಡಿದವನು ಪ್ರೀತಿಯಿಂದ ನೋಡಿದವನಿಗಿಂತ ಹೆಚ್ಚು ಗಮನವಿಟ್ಟು ನೋಡಿರುತ್ತಾನೆ. ಅಷ್ಟರಲ್ಲಿ ವೇದಿಕೆಯ ಮೇಲೆ ಯಾರೋ ಹಾರ್ಮೋನಿಯಂನ ತಿದಿ ಬಿಚ್ಚಿದರು. ಹಳೆಯ ಚರ್ಮ, ಒಣಮರ, ನುಸಿಗುಳಿಗೆಗಳ ಬೆರಕೆ ವಾಸನೆ ಮುಂದಿನ ಸಾಲಿನವರೆಗೂ ಬಂತು. ನಾನು ಹೇಳಬೇಕೆಂದಿದ್ದುದನ್ನು ಬಿಟ್ಟು ಕುಳಿತೆ; ಅತ್ತೆಯ ಪಡಸಾಲೆ ಕಣ್ಣೆದುರು ನಿಂತಿತು.

ಚಿಕ್ಕತಾಯಮ್ಮ ನನ್ನ ತಂದೆಯ ತಂಗಿ. ಶಿವಮಲ್ಲು ಆಕೆಯ ಒಬ್ಬನೇ ಮಗ. ಹಂಗಳದವನಾದ ನಾನು ಹೈಸ್ಕೂಲು ಓದಲೆಂದು ಗುಂಡ್ಲುಪೇಟೆಯ ಆ ಮನೆ ಸೇರಿದಾಗ ಮಾವ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಅವರು ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅವರ ಹಾರ್ಮೋನಿಯಂ ಪೆಟ್ಟಿಗೆ ಪಡಸಾಲೆಯ ಕಿಟಕಿಯ ಬಳಿ, ಹಳೆಯ ಪಂಚೆಯೊಂದನ್ನು ಹೊದ್ದುಕೊಂಡು ಇರುತ್ತಿತ್ತು. ಅದರಲ್ಲೊಂದು ಕೀ ಸತ್ತಿತ್ತು. ಒತ್ತಿದರೆ ದನಿ ಬರುತ್ತಿರಲಿಲ್ಲ. ಮಲಗಿದವರು ಮಗ್ಗುಲು ಬದಲಿಸುವಾಗ ಬಿಡುವಂಥ ಉಸಿರು ಮಾತ್ರ ಬರುತ್ತಿತ್ತು. ರಿಪೇರಿಯವನೊಬ್ಬ ಮನೆಗೇ ಬಂದು ಪೆಟ್ಟಿಗೆ ಬಿಚ್ಚಲು ಕುಳಿತಾಗ ಅತ್ತೆ ಅದರ ಮೇಲೆ ಅಂಗೈಯಿಟ್ಟು ಕುಳಿತುಬಿಟ್ಟರು. "ಅವ್ರ ಬೆರ್ಳು ಕಡೇದಾಗಿ ಇದ್ದದ್ದು ಇದರ ಮ್ಯಾಲೆ ಕಣಪ್ಪ. ಬುಡು, ಹಂಗೇ ಇರ್ಲಿ." ಅವನು ಕಾಫಿ ಕುಡಿದು ಹೋದ. ಶಿವಮಲ್ಲು ಆಗ ಮನೆಯಲ್ಲಿರಲಿಲ್ಲ. ನಾನಿದ್ದೆ.

ಶಾಲೆಯಲ್ಲಿ ಹಾರ್ಮೋನಿಯಂ ಇಲ್ಲದ ಕಾರಣ ಸಮೂಹಗಾನದ ತಂಡ ಸಂಜೆ ಅತ್ತೆಯ ಪಡಸಾಲೆಗೇ ಬರುತ್ತಿತ್ತು. ತಂಡ ನಡೆಸುತ್ತಿದ್ದವರು ಡ್ರಿಲ್ ಮೇಷ್ಟ್ರು; ಸಂಗೀತ ತಿಳಿಯದವರು, ಶಿಸ್ತು ತಿಳಿದವರು. "ಪೆಟ್ಟಿಗೆ ಏನು ಹೇಳ್ತದೋ ಅದನ್ನೇ ಹೇಳ್ಬೇಕು, ಸ್ವಂತ ಬುದ್ಧಿ ಬೇಡ" ಎಂಬುದು ಅವರ ನಿಯಮ, ಕೊರಳಲ್ಲಿ ಪೀಪಿ. ಹಾರ್ಮೋನಿಯಂ ನುಡಿಸುತ್ತಿದ್ದವಳು ಹರದನಹಳ್ಳಿಯಿಂದ ಬಂದು ಓದುತ್ತಿದ್ದ ಮಾದೇವಿ. ಚರಣದ ಕೊನೆಗೆ ಮಾತ್ರ ಅವಳ ಬೆರಳು ಆ ಸತ್ತ ಕೀ ಮೇಲೆ ಬೀಳುತ್ತಿತ್ತು. ಪೆಟ್ಟಿಗೆ ಏನೂ ಹೇಳುತ್ತಿರಲಿಲ್ಲ, ಆದ್ದರಿಂದ ಮಕ್ಕಳೂ ಏನೂ ಹೇಳುತ್ತಿರಲಿಲ್ಲ. ಮುಂದಿನ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಿದ್ದರು. ಕೆಲವು ವಾರಗಳಲ್ಲಿ ಆ ಬಿಡುವು ಹಾಡಿನ ಭಾಗವೇ ಆಗಿಹೋಯಿತು; ಮಾದೇವಿಯೂ ಅಲ್ಲಿ ಒತ್ತುವುದನ್ನು ಬಿಟ್ಟು ಬೆರಳೆತ್ತಿ ಕಾಯತೊಡಗಿದಳು.

ನಾನು ಭಾಷಣದ ತಂಡದವನು. ಪಡಸಾಲೆ ಹಾಡಿನವರಿಗೆ ಸೇರಿದ್ದರಿಂದ ನನ್ನ ಅಭ್ಯಾಸವೆಲ್ಲ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಕಟ್ಟಿಹಾಕಿದ ಎಮ್ಮೆಯ ಮುಂದೆ. ಶಿವಮಲ್ಲು ಹಿಂಬಾಗಿಲಲ್ಲಿ ಇಣುಕಿ, "ಎಮ್ಮೆ ಚಪ್ಪಾಳೆ ಹೊಡೀತೇನ್ಲಾ?" ಎನ್ನುತ್ತಿದ್ದ. ಒಳಗೆ ಅತ್ತೆ ಅವನ ಗಂಟಲಿಗೆಂದು ಮೆಣಸು, ಶುಂಠಿ ಹಾಕಿ ಕಷಾಯ ಕಾಯಿಸುತ್ತಿದ್ದರು. ಬೆಲ್ಲ ಕರಗುವ ಆ ಘಮ ಹಿತ್ತಿಲಿಗೂ ಬರುತ್ತಿತ್ತು, ಲೋಟ ಬರುತ್ತಿರಲಿಲ್ಲ. "ನಂಗೂ ಗಂಟ್ಲು ಅದೆ ಅತ್ತೆ" ಎಂದೆ ಒಮ್ಮೆ. "ಮಾತಾಡಕ್ಕೆ ಕಷಾಯ ಯಾಕ್ಲಾ ಮಗ? ನೀನು ಸುಮ್ಕಿದ್ರೆ ಸಾಕು, ನಿನ್ ಗಂಟ್ಲು ಸಂದಾಗಿರ್ತದೆ" ಎಂದು ನಕ್ಕರು. ಆ ನಗೆಯಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಲಾರೆ. ಆದರೆ ಅದರ ಅಳತೆ ನನಗೆ ಗೊತ್ತಿತ್ತು, ಅವನ ಲೋಟದ ಅಳತೆಯೂ ಗೊತ್ತಿತ್ತು.

ಚಾಮರಾಜನಗರದ ಸ್ಪರ್ಧೆಯಲ್ಲಿ ಮೊದಲು ಭಾಷಣ. ಕಾಡಿನ ಬಗ್ಗೆ ಮಾತನಾಡುತ್ತಾ ಸಭೆಗೆ ಒಂದು ಪ್ರಶ್ನೆ ಎಸೆದು, ಅದು ನಾಟಲೆಂದು ಬೇಕೆಂದೇ ನಿಲ್ಲಿಸಿದೆ. ಗೋಡೆಯಾಚೆಯಿಂದ ದಿನವೂ ಕೇಳಿದ ಆ ಬಿಡುವೇ ನನಗೆ ಅದನ್ನು ಕಲಿಸಿತ್ತು. ತೀರ್ಪುಗಾರರು ನಾನು ಮರೆತೆನೆಂದು ಗಂಟೆ ಬಾರಿಸಿ, "ಕೂತ್ಕೊಳಪ್ಪ, ಪರವಾಗಿಲ್ಲ" ಎಂದರು. ಆಮೇಲೆ ನಮ್ಮ ಹಾಡಿನ ತಂಡ ಬಂತು. ಅಲ್ಲಿಯ ಶಾಲೆಯವರು ಕೊಟ್ಟದ್ದು ಒಳ್ಳೆಯ ಹಾರ್ಮೋನಿಯಂ, ಎಲ್ಲ ಕೀಗಳೂ ನುಡಿಯುವಂಥದ್ದು. ಆದರೂ ಚರಣದ ಕೊನೆಗೆ ಮಾದೇವಿ ಬೆರಳೆತ್ತಿದಳು, ಇಡೀ ತಂಡ ಒಟ್ಟಿಗೆ ನಿಂತಿತು. ಶಿವಮಲ್ಲು ಮುಂದಿನ ಸಾಲಿನ ನಡುವೆ ಎತ್ತರವಾಗಿ ನಿಂತಿದ್ದ. ನೋಡಿದವರಿಗೆ ಅವನೇ ನಿಲ್ಲಿಸಿದಂತೆ ಕಂಡಿತು. ಅದೇ ತೀರ್ಪುಗಾರರು ಆ ಮೌನವನ್ನು ಹಾಡಿ ಹೊಗಳಿದರು. ನನ್ನ ಮೌನ ಮರೆವು, ಅವರ ಮೌನ ಕಲೆ.

ಊರಿಗೆ ಬಂದ ಸಂಜೆ ಶಿವಮಲ್ಲು ಶೀಲ್ಡನ್ನು ತಾಯಿಯ ಮಡಿಲಲ್ಲಿಟ್ಟು ಆ ಹಾಡು ಹಾಡಿದ. ಬಿಡುವಿನ ಕಡೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಮ್ಮವ್ವ ಹೆಮ್ಮೆಗೆ ಅತ್ಬುಟ್ಳು" ಎಂದು ಅವನು ಬದುಕಿರುವವರೆಗೂ ಹೇಳಿದ, ನಂಬಿಯೇ ಹೇಳಿದ. ನಾನು ಬಾಗಿಲ ಮರೆಯಲ್ಲಿದ್ದೆ. ಆಕೆಯ ಕಣ್ಣು ಮಗನ ಮೇಲಿರಲಿಲ್ಲ. ಕಿಟಕಿಯ ಬಳಿ ಪಂಚೆ ಹೊದ್ದಿದ್ದ ಪೆಟ್ಟಿಗೆಯ ಮೇಲಿತ್ತು. ಆ ಮನೆಯಲ್ಲಿ ಮೊದಲ ಸಲ ಅತ್ತೆಯಿಂದ ನನಗೂ ಅವನಿಗೂ ಸಿಕ್ಕದ್ದು ಒಂದೇ ಅಳತೆ ಎಂದು ಅನ್ನಿಸಿದ ಗಳಿಗೆ ಅದು.

ಈಗ ಆ ಮನೆಯಿಲ್ಲ. ಅದಿದ್ದ ಕಡೆ ಮೊಬೈಲ್ ಅಂಗಡಿಗಳ ಸಾಲಿದೆ. ಅತ್ತೆ ತೀರಿಹೋಗುವ ಮುಂಚೆ ಪೆಟ್ಟಿಗೆಯನ್ನು ಮಗನಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಮಾದೇವಿಯನ್ನು ಕರೆಸಿ ಕೊಟ್ಟರು. ಅದಕ್ಕೂ ನಾನು ಉರಿದುಕೊಂಡವನೇ. ನುಡಿನಮನ ಮುಗಿದ ವಾರ ಹರದನಹಳ್ಳಿಗೆ ಹೋದೆ. ಮೊಮ್ಮಕ್ಕಳನ್ನು ಕಂಡ ಮಾದೇವಿ ಪೆಟ್ಟಿಗೆಯ ಧೂಳೊರೆಸಿ ತಿದಿ ಹಾಕಿದಳು. ನಾನು ಚರಣ ಗುನುಗಿದೆ. ಆ ಜಾಗ ಬಂದಾಗ ಇಬ್ಬರೂ ನಿಂತೆವು.

"ಕಲ್ಲಲ್ಲಿ ಅವನ ಹೆಸ್ರು ಕೆತ್ತುಸ್ತಾರಂತೆ" ಎಂದೆ.

"ಕೆತ್ಲಿ ಬುಡಣ್ಣ. ಕೇಳ್ಕಂಡು ಬಂದವ್ರ ಕೈಲಿ ಇದನ್ನ ಒತ್ತುಸ್ತೀನಿ" ಎಂದಳು.

ಅನುಮಾನವಿದ್ದವರು ಹರದನಹಳ್ಳಿಯಲ್ಲಿ ಹಾರ್ಮೋನಿಯಂ ಮಾದೇವಮ್ಮನ ಮನೆ ಕೇಳಿರಿ, ಯಾರಾದರೂ ತೋರಿಸುತ್ತಾರೆ. ಆ ಕೀ ಯಾವುದೆಂದು ಅವಳು ತೋರಿಸುತ್ತಾಳೆ. ಮೆಲ್ಲನೆ ಒತ್ತಿರಿ. ದನಿ ಬರುವುದಿಲ್ಲ, ಉಸಿರು ಬರುತ್ತದೆ. ಶೀಲ್ಡ್ ತಂದದ್ದು ಅದು.